ಹದಿನೆಂಟು ದಿನ, ಅರವತ್ತೈದು ದಿನ, ಮೂರೂವರೆ ಗಂಟೆ

ಮಂಗಳೂರಿನಿಂದ ದುಬೈಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನೀವು ಕ್ಷಣಮಾತ್ರದಲ್ಲಿ ಮೊಬೈಲ್ ನೋಡಿ ಉತ್ತರ ಹೇಳುವಿರಿ. ನೇರ ಗೆರೆಯಲ್ಲಿ ಸುಮಾರು 2,450 ಕಿಲೋಮೀಟರ್, ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆ. ಉತ್ತರ ಸರಿಯಾಗಿದೆ. ಆದರೆ ಭೂಗೋಳದ ಪಾಠ ಅಲ್ಲಿಗೆ ಮುಗಿದರೂ ಇತಿಹಾಸದ ಪಾಠ ಅಲ್ಲಿಂದ ಆರಂಭವಾಗುತ್ತದೆ. ಅರಬ್ಬೀ ಸಮುದ್ರದ ಈಚೆಯ ದಡದ ಒಂದು ಊರಿಗೂ ಆಚೆಯ ದಡದ ಒಂದು ಊರಿಗೂ ನಡುವಿನ ದೂರ ಎಲ್ಲ ಕಾಲದಲ್ಲೂ ಒಂದೇ ಆಗಿತ್ತೇ? ಆ ದೂರವನ್ನು ನಮ್ಮ ಹಿರಿಯರು ಯಾವುದರಿಂದ ಅಳೆದರು? ಅದನ್ನು ಕಡಿಮೆ ಮಾಡಿದ್ದು ಯಾವುದು? ಈ ಮೂರು ಪ್ರಶ್ನೆಗಳಿಗೆ ನಮ್ಮ ಕನ್ನಡ ಕರಾವಳಿಯೇ ಉತ್ತರ ಕೊಡುತ್ತದೆ. ಬೆಂಗಳೂರಿನಲ್ಲಿ, ಸಮುದ್ರದಿಂದ ಬಹುದೂರ ಇರುವ ನಾವು ಈ ಉತ್ತರವನ್ನು ತಿಳಿದುಕೊಳ್ಳುವುದು ಅಗತ್ಯ. ಏಕೆಂದರೆ ಇದು ಕೇವಲ ಹಡಗುಗಳ ಕಥೆಯಲ್ಲ, ವಿದ್ಯೆಯ ಕಥೆ.

ಒಬ್ಬ ರಾಯಭಾರಿ, ಎರಡು ಪ್ರಯಾಣ

ಕ್ರಿ.ಶ. 1442ರಲ್ಲಿ ಹೆರಾತ್ ನಗರದಿಂದ ಅಬ್ದುರ್ರಝಾಕ್ ಸಮರ್‌ಕಂದಿ ಎಂಬ ವಿದ್ವಾಂಸರು ಭಾರತಕ್ಕೆ ಹೊರಟರು. ತೈಮೂರ್ ವಂಶದ ದೊರೆ ಶಾಹ್‌ರುಖ್ ಅವರನ್ನು ತನ್ನ ರಾಯಭಾರಿಯಾಗಿ ಕಳುಹಿಸಿದ್ದ. ಮೊದಲು ಕಲ್ಲಿಕೋಟೆ, ಬಳಿಕ ಇಮ್ಮಡಿ ದೇವರಾಯನ ವಿಜಯನಗರ. ಅವರು ಪಾರ್ಸಿ ಭಾಷೆಯಲ್ಲಿ ಬರೆದ 'ಮತ್ಲಉಸ್ಸಾದೈನ್' ಎಂಬ ಇತಿಹಾಸ ಗ್ರಂಥದಲ್ಲಿ ಈ ಪ್ರಯಾಣದ ವಿವರವಿದೆ. ವಿಜಯನಗರದ ಬಗ್ಗೆ ಅವರು ಬರೆದದ್ದನ್ನು ನಮ್ಮ ಪಠ್ಯಪುಸ್ತಕಗಳು ಉಲ್ಲೇಖಿಸುತ್ತವೆ. ಆದರೆ ಅವರು ಸಮುದ್ರದಲ್ಲಿ ಕಳೆದ ದಿನಗಳ ಲೆಕ್ಕವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

ಹುರ್ಮುಝ್ ಬಂದರಿನಲ್ಲಿ ಅವರಿಗೆ ಹಡಗು ಸಿಗುವುದು ತಡವಾಯಿತು. ಗಾಳಿಯ ಕಾಲದ ಆರಂಭವೂ ಮಧ್ಯಭಾಗವೂ ಕಳೆದುಹೋಗಿ, ಬಿರುಗಾಳಿ ಮತ್ತು ಕಡಲ್ಗಳ್ಳರ ಭಯವಿರುವ ಕೊನೆಯ ಭಾಗದಲ್ಲಿ ಹೊರಡಬೇಕಾಯಿತು. ಆದ್ದರಿಂದ ಒಮಾನಿನ ಕರಾವಳಿಯಲ್ಲಿಯೇ ಇಳಿದು, ಅಲ್ಲಿನ ಉರಿಬಿಸಿಲಿನಲ್ಲಿ, ಕಾಯಿಲೆಯಲ್ಲಿ ನರಳುತ್ತ ಮುಂದಿನ ಗಾಳಿಗಾಗಿ ಕಾಯಬೇಕಾಯಿತು. ಅನುಕೂಲವಾದ ಗಾಳಿ ಬಂದಾಗ ಒಮಾನಿನ ಕಲ್ಹಾತ್ ಬಂದರಿನಿಂದ ಹೊರಟ ಹಡಗು ಹದಿನೆಂಟು ಹಗಲು ರಾತ್ರಿಗಳಲ್ಲಿ ಕಲ್ಲಿಕೋಟೆಯನ್ನು ಮುಟ್ಟಿತು.

ಅಲ್ಲಿಂದ ಹಡಗಿನಲ್ಲಿ ಮಂಗಳೂರಿಗೆ, ಮಂಗಳೂರಿನಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋದ ಅಬ್ದುರ್ರಝಾಕ್ 1443ರ ಕೊನೆಯಲ್ಲಿ ಮತ್ತೆ ಘಟ್ಟ ಇಳಿದು ಕರಾವಳಿಗೆ ಬಂದರು. ಹಿಂದಿರುಗುವ ಹಡಗನ್ನು ಹಿಡಿದದ್ದು ನಮ್ಮ ಉತ್ತರ ಕನ್ನಡದ ಹೊನ್ನಾವರದಲ್ಲಿ. ಇಪ್ಪತ್ತು ಜನರಿಗೆ ನಲವತ್ತು ದಿನಗಳಿಗೆ ಸಾಕಾಗುವಷ್ಟು ಆಹಾರ ಸಾಮಗ್ರಿಯನ್ನು ಅವರು ಹಡಗಿಗೆ ತುಂಬಿಸಿದರು. ಆದರೆ ದಾರಿಯಲ್ಲಿ ಬಿರುಗಾಳಿ ಎದುರಾಯಿತು. ಹಡಗಿಗೆ ಪೆಟ್ಟಾಯಿತು. ಮಸ್ಕತ್‌ನಲ್ಲಿ ದುರಸ್ತಿ ಮಾಡಿಸಿಕೊಂಡು ಮುಂದೆ ಸಾಗಬೇಕಾಯಿತು. 1444ರಲ್ಲಿ ಹೊನ್ನಾವರದಿಂದ ಹುರ್ಮುಝ್ ತಲುಪಲು ಅವರಿಗೆ ಹಿಡಿದದ್ದು ಒಟ್ಟು ಅರವತ್ತೈದು ದಿನ.

ಈಗ ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಕಲ್ಹಾತ್‌ನಿಂದ ಕಲ್ಲಿಕೋಟೆಗೆ ನೇರ ದೂರ ಸುಮಾರು 2,150 ಕಿಲೋಮೀಟರ್. ಹದಿನೆಂಟು ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 120 ಕಿಲೋಮೀಟರ್. ಹೊನ್ನಾವರದಿಂದ ಹುರ್ಮುಝ್‌ಗೆ ನೇರ ದೂರ ಸುಮಾರು 2,340 ಕಿಲೋಮೀಟರ್. ಅರವತ್ತೈದು ದಿನಕ್ಕೆ ಭಾಗಿಸಿದರೆ ದಿನಕ್ಕೆ ಕೇವಲ 36 ಕಿಲೋಮೀಟರ್, ಅಂದರೆ ಗಂಟೆಗೆ ಒಂದೂವರೆ ಕಿಲೋಮೀಟರ್. ಹಡಗು ನೇರವಾಗಿ ಹೋಗುವುದಿಲ್ಲ, ದಡ ಬಳಸಿ ಹೋಗುತ್ತದೆ, ನಡುವೆ ನಿಲ್ಲುತ್ತದೆ, ಆ ಮಾತು ಬೇರೆ. ಆದರೂ ನೆಲದ ಮೇಲೆ ನಡೆಯುವ ಮನುಷ್ಯನಿಗಿಂತಲೂ ಆ ಸರಾಸರಿ ನಿಧಾನ! ಎರಡೂ ದಾರಿಗಳ ಕಿಲೋಮೀಟರು ಹೆಚ್ಚು ಕಡಿಮೆ ಒಂದೇ. ಆದರೆ ಒಂದು ಪ್ರಯಾಣ ಇನ್ನೊಂದರ ಮೂರೂವರೆ ಪಟ್ಟಿಗಿಂತ ಹೆಚ್ಚು ದೀರ್ಘ. ಹಾಗಾದರೆ ಸಮುದ್ರದ ಮೇಲಿನ ದೂರ ಎಂದರೆ ಕಿಲೋಮೀಟರು ಮಾತ್ರವಲ್ಲ ಎಂಬುದು ಸ್ಪಷ್ಟ.

ಮೌಸಿಮ್ ಎಂಬ ಮಹಾದ್ವಾರ

ಅರಬ್ಬೀ ಸಮುದ್ರದ ಮೇಲೆ ವರ್ಷದಲ್ಲಿ ಎರಡು ಗಾಳಿಗಳು ಆಳುತ್ತವೆ. ಬೇಸಿಗೆಯಲ್ಲಿ ಏಷ್ಯಾದ ನೆಲ ಕಾದು ಅದರ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ. ಆ ಜಾಗವನ್ನು ತುಂಬಲು ಸಮುದ್ರದಿಂದ ನೈಋತ್ಯದ ಗಾಳಿ ನುಗ್ಗುತ್ತದೆ. ಇದೇ ನಮ್ಮ ಮುಂಗಾರು. ಚಳಿಗಾಲದಲ್ಲಿ ನೆಲ ತಣ್ಣಗಾಗಿ ಗಾಳಿ ತಿರುಗುತ್ತದೆ. ಆಗ ಈಶಾನ್ಯದಿಂದ ಸಮುದ್ರದ ಕಡೆಗೆ ಬೀಸುತ್ತದೆ. ಹಾಯಿಹಡಗಿಗೆ ನೈಋತ್ಯದ ಗಾಳಿ ಎಂದರೆ ಭಾರತಕ್ಕೆ ಬರುವ ದಾರಿ, ಈಶಾನ್ಯದ ಗಾಳಿ ಎಂದರೆ ಅರಬ್ ದೇಶಗಳಿಗೆ, ಆಫ್ರಿಕಾಕ್ಕೆ ಹೋಗುವ ದಾರಿ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನ ಅಬ್ಬರ ಅತಿಯಾಗಿರುವುದರಿಂದ ನಮ್ಮ ಕರಾವಳಿಯ ಬಂದರುಗಳು ಮುಚ್ಚಿರುತ್ತಿದ್ದವು. ಅದರ ಹಿಂದುಮುಂದಿನ ಕೆಲವು ವಾರಗಳಷ್ಟೇ ಬರುವವರಿಗೆ ತೆರೆದ ಬಾಗಿಲು.

ಅರಬ್ ನಾವಿಕರು ಹೀಗೆ ಹೊರಡಬಹುದಾದ ನಿಗದಿತ ಕಾಲವನ್ನು 'ಮೌಸಿಮ್' ಎಂದರು. ಉರ್ದುವಿನಲ್ಲಿ ನಾವು ಹವಾಮಾನಕ್ಕೆ, ಋತುವಿಗೆ ಬಳಸುವ 'ಮೌಸಮ್' ಇದೇ ಶಬ್ದ. ಇದೇ ಶಬ್ದ ಪೋರ್ಚುಗೀಸರ ಬಾಯಲ್ಲಿ ರೂಪ ಬದಲಿಸಿ, ಇಂಗ್ಲಿಷಿನ ಮೂಲಕ 'ಮಾನ್ಸೂನ್' ಆಗಿ ನಮ್ಮ ಕನ್ನಡ ಪತ್ರಿಕೆಗಳಿಗೆ ಮರಳಿ ಬಂದಿದೆ. 'ಬಂದರು' ಎಂಬ ಶಬ್ದವೂ ಪಾರ್ಸಿಯ 'ಬಂದರ್'. ಮಂಗಳೂರಿನ ಹಳೆಯ ವ್ಯಾಪಾರ ಕೇರಿಗೆ ಇಂದಿಗೂ ಬಂದರ್ ಎಂದೇ ಹೆಸರು. ಶಬ್ದಗಳೂ ಗಾಳಿಯೊಡನೆ ಬಂದಿಳಿದಿವೆ.

ಒಂದು ಗಾಳಿಯಲ್ಲಿ ಬಂದ ವ್ಯಾಪಾರಿ ಇನ್ನೊಂದು ಗಾಳಿ ಏಳುವವರೆಗೆ ಹಿಂದಿರುಗುವಂತಿರಲಿಲ್ಲ. ತಿಂಗಳುಗಟ್ಟಲೆ ಇಲ್ಲಿಯೇ ಉಳಿಯಬೇಕು. ಉಳಿದವನಿಗೆ ಮನೆ ಬೇಕು, ಮಸೀದಿ ಬೇಕು, ಲೆಕ್ಕ ಬರೆಯುವವರು ಬೇಕು, ನ್ಯಾಯ ತೀರ್ಮಾನಿಸಲು ಕಾಝಿ ಬೇಕು. ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು ಮುಂತಾದ ಕರಾವಳಿ ಸಮುದಾಯಗಳ ಹಿನ್ನೆಲೆಯಲ್ಲಿ ಈ ಕಡಲ ನಂಟು ಇದೆ. ಒಂದು ಸಂಗತಿ ಗಮನಿಸಿ. ಬೆಂಗಳೂರಿನ ನಮ್ಮಲ್ಲಿ ಬಹುಪಾಲು ಜನ ಹನಫೀ ಪಂಥದವರು, ಕರಾವಳಿಯವರು ಶಾಫಿಈ ಪಂಥದವರು. ಯಮನ್ ಮತ್ತು ಅರಬ್ ಕರಾವಳಿಯಿಂದ ಕಡಲ ದಾರಿಯಲ್ಲಿ ಬಂದದ್ದು ಶಾಫಿಈ ಪರಂಪರೆ, ಉತ್ತರದಿಂದ ದಖ್ಖನಿನ ನೆಲದ ದಾರಿಯಲ್ಲಿ ಬಂದದ್ದು ಹನಫೀ ಪರಂಪರೆ. ನಮಾಝಿನಲ್ಲಿ ಕೈ ಕಟ್ಟುವ ಚಿಕ್ಕ ವ್ಯತ್ಯಾಸದ ಹಿಂದೆಯೂ ಎರಡು ದಾರಿಗಳ ಇತಿಹಾಸವಿದೆ!

ಗಾಳಿಯನ್ನು ಲೆಕ್ಕಿಸದವರ ಗತಿ

ಗಾಳಿಯ ಕಾಲವನ್ನು ಅರಿಯದೆ ಹೊರಟರೆ ಏನಾಗುತ್ತದೆ ಎಂಬುದಕ್ಕೆ ವಾಸ್ಕೋ ಡ ಗಾಮಾನ ಪ್ರಯಾಣವೇ ಸಾಕ್ಷಿ. 1498ರ ಏಪ್ರಿಲ್ 24ರಂದು ಆಫ್ರಿಕಾದ ಮಾಲಿಂದಿಯಿಂದ ಹೊರಟ ಗಾಮಾ ನಾಲ್ಕು ವಾರಕ್ಕೂ ಕಡಿಮೆ ಅವಧಿಯಲ್ಲಿ ಕಲ್ಲಿಕೋಟೆಯ ಹತ್ತಿರ ಬಂದು ತಲುಪಿದ. ಏಕೆಂದರೆ ಮಾಲಿಂದಿಯ ಅರಸ ಅವನಿಗೆ ಈ ಸಮುದ್ರವನ್ನು ಬಲ್ಲ ಒಬ್ಬ ದಾರಿತೋರುಗನನ್ನು ಕೊಟ್ಟಿದ್ದ. ಈ ದಾರಿತೋರುಗ ಪ್ರಸಿದ್ಧ ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಎಂದು ಅನೇಕ ಪುಸ್ತಕಗಳಲ್ಲಿ ಬರೆದಿರುವುದನ್ನು ನೀವು ಓದಿರಬಹುದು. ಇಂದಿನ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಪೋರ್ಚುಗೀಸ್ ಬರಹಗಳು ಹೇಳುವುದು ಗುಜರಾತಿನ ಒಬ್ಬ ನಾವಿಕನ ಬಗ್ಗೆ. ನಮ್ಮವರ ಹೆಮ್ಮೆಯ ಹೆಸರನ್ನು ಸೇರಿಸಲು ಆಧಾರವಿಲ್ಲದ ಮಾತನ್ನು ಇತಿಹಾಸ ಎನ್ನಬಾರದು.

ಹಿಂದಿರುಗುವಾಗ ಗಾಮಾನಿಗೆ ಅಂತಹ ಸಲಹೆಯೂ ಇರಲಿಲ್ಲ, ಕಾಯುವ ತಾಳ್ಮೆಯೂ ಇರಲಿಲ್ಲ. ನಮ್ಮ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ಸರಿಪಡಿಸಿಕೊಂಡು, 1498ರ ಅಕ್ಟೋಬರ್ 5ರಂದು, ಈಶಾನ್ಯದ ಗಾಳಿ ನೆಲೆಗೊಳ್ಳುವ ಮೊದಲೇ ಹೊರಟುಬಿಟ್ಟ. ಆಫ್ರಿಕಾದ ದಡ ಕಂಡದ್ದು 1499ರ ಜನವರಿ 2ರಂದು. ಬರುವಾಗ ನಾಲ್ಕು ವಾರ, ಹೋಗುವಾಗ ಸುಮಾರು ಮೂರು ತಿಂಗಳು! ತಾಜಾ ಹಣ್ಣು ತರಕಾರಿ ಇಲ್ಲದೆ ಒಸಡು ಊದುವ ಸ್ಕರ್ವಿ ಕಾಯಿಲೆಯಿಂದ ಮೂವತ್ತು ಮಂದಿ ನಾವಿಕರು ಸತ್ತರು. ಹಡಗು ಬಲವಾಗಿತ್ತು, ಫಿರಂಗಿಗಳಿದ್ದವು. ಆದರೆ ಫಿರಂಗಿಯಿಂದ ಗಾಳಿಯನ್ನು ಹೆದರಿಸಲಾಗದು. ಅದೇ ಸಮುದ್ರವನ್ನು ವರ್ಷವರ್ಷವೂ ದಾಟುತ್ತಿದ್ದ ನಮ್ಮ ಕರಾವಳಿಯ ಮತ್ತು ಅರಬ್ಬೀ ಹಾಯಿಹಡಗುಗಳ ಬಳಿ ಇದ್ದದ್ದು ತಿಳಿವಳಿಕೆ.

ಬೆರಳು ಮತ್ತು ಝಾಮ್

ಆ ತಿಳಿವಳಿಕೆ ಎಂತಹದು? ಇಂದಿನ ರಾಸ್ ಅಲ್ ಖೈಮಾ, ಅಂದಿನ ಜುಲ್ಫಾರ್‌ನವರಾದ ಇಬ್ನ್ ಮಾಜಿದ್ ಸುಮಾರು 1490ರಲ್ಲಿ 'ಕಿತಾಬುಲ್ ಫವಾಇದ್' ಎಂಬ ಗ್ರಂಥವನ್ನು ಪೂರ್ಣಗೊಳಿಸಿದರು. ನಕ್ಷತ್ರಗಳು, ಗಾಳಿಯ ಕಾಲಗಳು, ಬಂದರುಗಳ ಸ್ಥಾನ, ದಡದ ಗುರುತುಗಳು ಎಲ್ಲವೂ ಅದರಲ್ಲಿ ಚರ್ಚೆಯಾಗಿವೆ. ಈ ನಾವಿಕರು ದೂರವನ್ನು ಎರಡು ಅಳತೆಗಳಿಂದ ತಿಳಿಯುತ್ತಿದ್ದರು.

ಮೊದಲನೆಯದು 'ಝಾಮ್'. ಮೂರು ಗಂಟೆಗಳ ಹಡಗಿನ ಓಟಕ್ಕೆ ಒಂದು ಝಾಮ್. ಹಗಲು ರಾತ್ರಿ ಸೇರಿ ಎಂಟು ಝಾಮ್. ಅಂದರೆ ಅವರಿಗೆ ದೂರ ಮತ್ತು ಸಮಯ ಬೇರೆ ಬೇರೆ ಅಲ್ಲ. ಇಷ್ಟು ಝಾಮ್ ಎಂದರೆ ಆ ಊರು. ಈ ಲೆಕ್ಕದಲ್ಲಿ ಅಬ್ದುರ್ರಝಾಕರು ಬಂದದ್ದು 144 ಝಾಮ್, ಹೋದದ್ದು 520 ಝಾಮ್.

ಎರಡನೆಯದು 'ಇಸ್ಬಾ', ಅಂದರೆ ಬೆರಳು. ಕ್ಷಿತಿಜದಿಂದ ಧ್ರುವ ನಕ್ಷತ್ರ ಎಷ್ಟು ಬೆರಳು ಎತ್ತರದಲ್ಲಿದೆ ಎಂಬ ಅಳತೆ. ಒಂದು ಬೆರಳು ಒಂದೂವರೆ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಇದನ್ನು ಅಳೆಯಲು 'ಕಮಾಲ್' ಎಂಬ ಸಾಧನವಿತ್ತು. ಅದು ಒಂದು ಚಿಕ್ಕ ಮರದ ಹಲಗೆ, ಅದರ ನಡುವಿನಿಂದ ಗಂಟುಗಳಿರುವ ಒಂದು ದಾರ. ಇಷ್ಟೇ! ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯನ್ನು ಮುಂದೆ ಬಿಗಿಯಾಗಿ ಹಿಡಿದು, ಅದರ ಕೆಳ ಅಂಚು ಕ್ಷಿತಿಜಕ್ಕೂ ಮೇಲಂಚು ನಕ್ಷತ್ರಕ್ಕೂ ತಾಗುವಂತೆ ನೋಡಬೇಕು. ಯಾವ ಗಂಟಿನಲ್ಲಿ ಎರಡೂ ಸರಿಹೊಂದುತ್ತದೆಯೋ ಅದು ಆ ಜಾಗದ ಎತ್ತರ.

ಭೂಮಿಯ ಮೇಲೆ ನಾವು ಉತ್ತರಕ್ಕೆ ಹೋದಷ್ಟೂ ಧ್ರುವ ನಕ್ಷತ್ರ ಆಕಾಶದಲ್ಲಿ ಮೇಲೇರುತ್ತದೆ. ಹೊನ್ನಾವರ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹುರ್ಮುಝ್ ಸುಮಾರು 27 ಡಿಗ್ರಿಯಲ್ಲಿ. ಎರಡರ ನಡುವೆ ಸುಮಾರು ಎಂಟು ಬೆರಳಿನ ವ್ಯತ್ಯಾಸ. ಹಿಂದಿರುಗುವ ನಾವಿಕ ನಕ್ಷತ್ರವು ತನ್ನ ಊರಿನ ಗಂಟಿಗೆ ಇಳಿಯುವವರೆಗೆ ದಕ್ಷಿಣಕ್ಕೆ ಸಾಗಿ, ಬಳಿಕ ಅದೇ ಎತ್ತರವನ್ನು ಕಾಪಾಡಿಕೊಂಡು ಪೂರ್ವಕ್ಕೆ ತಿರುಗಿದರೆ ಊರು ಎದುರಿಗೇ ಬರುತ್ತದೆ. ಆ ಕಾಲದಲ್ಲಿ ಧ್ರುವ ನಕ್ಷತ್ರ ನಿಜವಾದ ಧ್ರುವದಿಂದ ಇಂದಿಗಿಂತ ಹೆಚ್ಚು ಸರಿದಿತ್ತು. ಆದ್ದರಿಂದ ಇತರ ನಕ್ಷತ್ರಗಳನ್ನು ನೋಡಿ ಆ ವ್ಯತ್ಯಾಸವನ್ನೂ ಸರಿಪಡಿಸಿಕೊಳ್ಳಬೇಕಿತ್ತು. ನೆಲ ಮತ್ತು ಕಡಲಿನ ಕತ್ತಲಲ್ಲಿ ದಾರಿ ತಿಳಿಯಲು ನಕ್ಷತ್ರಗಳಿವೆ ಎಂದು ಪವಿತ್ರ ಕುರ್‌ಆನಿನ ಅನ್‌ಆಮ್ ಅಧ್ಯಾಯ ತಿಳಿಸುತ್ತದೆ. ಈ ನಾವಿಕರು ಅದನ್ನು ಓದಿ ಸುಮ್ಮನಾಗಲಿಲ್ಲ, ಅದರ ಗಣಿತವನ್ನು ಕಲಿತರು.

ಹೊನ್ನಾವರದ ಮೂವತ್ತಾರು ಮದ್ರಸಾಗಳು

ಅಬ್ದುರ್ರಝಾಕರಿಗಿಂತ ನೂರು ವರ್ಷ ಮೊದಲು, 1340ರ ದಶಕದಲ್ಲಿ, ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ನಮ್ಮ ಕರಾವಳಿಗೆ ಬಂದಿದ್ದರು. ಅವರ ಬರಹದಲ್ಲಿ ಹೊನ್ನಾವರ 'ಹಿನೌರ್', ಬಾರಕೂರು 'ಫಾಕನೂರ್', ಮಂಗಳೂರು 'ಮಂಜರೂರ್'. ಬಾರಕೂರಿನಿಂದ ಮಂಗಳೂರಿಗೆ ಮೂರು ದಿನ ಎಂದು ಅವರು ಬರೆದಿದ್ದಾರೆ. ಇಂದು ರಾಷ್ಟ್ರೀಯ ಹೆದ್ದಾರಿಯಲ್ಲಿ ಈ ದೂರ ಸುಮಾರು 75 ಕಿಲೋಮೀಟರ್, ಬಸ್ಸಿನಲ್ಲಿ ಎರಡು ಗಂಟೆಯ ಆಸುಪಾಸು. ಮಂಗಳೂರಿನಲ್ಲಿ ಪಾರಸ ಮತ್ತು ಯಮನ್ ದೇಶದ ವ್ಯಾಪಾರಿಗಳು ಇಳಿಯುತ್ತಿದ್ದರು, ಕಾಳುಮೆಣಸು ಶುಂಠಿ ಯಥೇಚ್ಛವಾಗಿತ್ತು, ಸುಮಾರು ನಾಲ್ಕು ಸಾವಿರ ಮುಸ್ಲಿಮರು ಊರಿನ ಪಕ್ಕದಲ್ಲಿ ನೆಲೆಸಿದ್ದರು. ಅವರಿಗೂ ಊರಿನವರಿಗೂ ಆಗಾಗ ಜಗಳವಾಗುತ್ತಿತ್ತು, ವ್ಯಾಪಾರಿಗಳ ಅಗತ್ಯವಿದ್ದ ಹಿಂದೂ ಅರಸನೇ ಮಧ್ಯೆ ಬಂದು ರಾಜಿ ಮಾಡಿಸುತ್ತಿದ್ದ ಎಂದೂ ಅವರು ಮುಚ್ಚುಮರೆಯಿಲ್ಲದೆ ತಿಳಿಸುತ್ತಾರೆ. ಮಲಬಾರಿನ ಉದ್ದಕ್ಕೂ ದಾರಿಯಲ್ಲಿ ಅರ್ಧ ಮೈಲಿಗೊಂದು ಮರದ ತಂಗುಮನೆ, ಕುಳಿತುಕೊಳ್ಳಲು ಜಗಲಿ, ಪಕ್ಕದಲ್ಲಿ ಬಾವಿ ಇರುತ್ತಿತ್ತಂತೆ. ಅಲ್ಲಿ ಹಿಂದೂ ಮುಸ್ಲಿಂ ಇಬ್ಬರೂ ಕುಳಿತು ದಣಿವಾರಿಸಿಕೊಳ್ಳಬಹುದಿತ್ತು.

ಆದರೆ ನಮ್ಮ ಸಂಸ್ಥೆಯ ಸದಸ್ಯರು ಮುಖ್ಯವಾಗಿ ನೆನಪಿಡಬೇಕಾದದ್ದು ಹೊನ್ನಾವರದ ಬಗ್ಗೆ ಅವರು ಬರೆದ ಮಾತು. ಆಗ ಅಲ್ಲಿ ಜಮಾಲುದ್ದೀನ್ ಎಂಬ ಮುಸ್ಲಿಂ ಒಡೆಯನಿದ್ದ. ಅವನು ಹರಿಯಬ್ ಎಂಬ ಹಿಂದೂ ಅರಸನಿಗೆ ಅಧೀನನಾಗಿದ್ದ. ಈ ಅರಸ ವಿಜಯನಗರದ ಒಂದನೇ ಹರಿಹರನೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆ ಊರಿನಲ್ಲಿ ಗಂಡುಮಕ್ಕಳಿಗೆ 23 ಮದ್ರಸಾಗಳು, ಹೆಣ್ಣುಮಕ್ಕಳಿಗೆ 13 ಮದ್ರಸಾಗಳು ಇದ್ದವು. ಅಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಿತ್ತು. ಇಂತಹದನ್ನು ತಾನು ಬೇರೆಲ್ಲಿಯೂ ಕಂಡಿಲ್ಲ ಎಂದು ಇಬ್ನ್ ಬತೂತ ಆಶ್ಚರ್ಯಪಡುತ್ತಾರೆ. ಮೊರಾಕ್ಕೋದಿಂದ ಮಕ್ಕಾ, ಬಗ್ದಾದ್, ದಿಲ್ಲಿಯವರೆಗೆ ನೋಡಿ ಬಂದ ಕಣ್ಣುಗಳಿಗೆ ಆಶ್ಚರ್ಯವಾದದ್ದು ಶರಾವತಿ ನದಿ ಕಡಲು ಸೇರುವ ನಮ್ಮ ಕನ್ನಡ ನಾಡಿನ ಒಂದು ಪಟ್ಟಣದಲ್ಲಿ!

ಈ ಶಾಲೆಗಳಿಗೂ ದೂರದ ಪ್ರಶ್ನೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನನಗೆ ತೋರುವುದು ಇಷ್ಟು. ಗಂಡಸರು ಗಾಳಿಯೊಂದಿಗೆ ಹೊರಟು ತಿಂಗಳುಗಟ್ಟಲೆ ಬಾರದ ಊರಿನಲ್ಲಿ ಮನೆ, ಮಕ್ಕಳು, ಧರ್ಮದ ಪಾಠ ಎಲ್ಲವೂ ಹೆಂಗಸರ ಕೈಯಲ್ಲಿ ಉಳಿಯುತ್ತವೆ. ಹೆಣ್ಣುಮಕ್ಕಳಿಗೆ ಓದು ಕಲಿಸದ ಬಂದರು ಬಹುಕಾಲ ಬಾಳಲಾರದು. ಹೊನ್ನಾವರದವರಿಗೆ ಅದು ಆರುನೂರೈವತ್ತು ವರ್ಷಗಳಿಗೂ ಹಿಂದೆ ಅರ್ಥವಾಗಿತ್ತು.

ಆವಿ, ರೆಕ್ಕೆ ಮತ್ತು ಟಿಕೆಟಿನ ಲೆಕ್ಕ

ಹತ್ತೊಂಬತ್ತನೆಯ ಶತಮಾನದಲ್ಲಿ ಹಬೆಯ ಹಡಗುಗಳು ಬಂದು ಗಾಳಿಯ ಹಂಗು ತಪ್ಪಿತು. ಮುಂಬಯಿಯಿಂದ ಕೊಲ್ಲಿಯ ಬಂದರುಗಳಿಗೆ ಪ್ರಯಾಣಿಕರ ಹಡಗುಗಳು ಓಡಾಡಿದವು. ಅವುಗಳಲ್ಲಿ ಕೊನೆಯದಾದ 'ದ್ವಾರಕಾ' 1982ರವರೆಗೆ ಸಂಚರಿಸಿತು. ಮಂಗಳೂರಿನ ಬಜ್ಪೆಯಲ್ಲಿ 1951ರ ಡಿಸೆಂಬರ್ 25ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಅಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದರು. 1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು, 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆ ಕರಾವಳಿಯ ಊರುಗಳನ್ನು ಇನ್ನಷ್ಟು ಹತ್ತಿರ ತಂದವು. ಆದರೂ ಕೊಲ್ಲಿಗೆ ಹೋಗುವ ಮಂಗಳೂರಿಗರು ಬಹುಕಾಲ ಮುಂಬಯಿಯಂತಹ ಬೇರೆ ನಗರಗಳಿಗೆ ಹೋಗಿಯೇ ವಿಮಾನ ಹತ್ತಬೇಕಿತ್ತು. 2006ರ ಅಕ್ಟೋಬರ್‌ನಲ್ಲಿ ಮಂಗಳೂರು-ದುಬೈ ನೇರ ವಿಮಾನ ಆರಂಭವಾಯಿತು.

ವಿಮಾನದ ಟಿಕೆಟ್ ನೋಡಿ ದೂರ ಲೆಕ್ಕ ಹಾಕುವಾಗ ಎಚ್ಚರವಿರಲಿ. ದುಬೈ ಗಡಿಯಾರ ನಮ್ಮ ಗಡಿಯಾರಕ್ಕಿಂತ ಒಂದೂವರೆ ಗಂಟೆ ಹಿಂದೆ. ಆದ್ದರಿಂದ ಬೆಳಿಗ್ಗೆ 8ಕ್ಕೆ ಹೊರಟು ಮೂರೂವರೆ ಗಂಟೆ ಹಾರಿದರೂ ಅಲ್ಲಿ ಇಳಿಯುವುದು 10ಕ್ಕೆ. ಹಿಂದಿರುಗುವಾಗ ಅದೇ ದೂರಕ್ಕೆ ಐದು ಗಂಟೆ ಆದಂತೆ ತೋರುತ್ತದೆ. ಇದು ಸೂರ್ಯನ ಲೆಕ್ಕ. ಗಾಳಿಯ ಲೆಕ್ಕವೂ ಪೂರ್ತಿ ತಪ್ಪಿಲ್ಲ. ಮೇಲಿನ ಆಕಾಶದಲ್ಲಿ, ವಿಶೇಷವಾಗಿ ಚಳಿಗಾಲದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುವುದರಿಂದ ಹೋಗುವಾಗಿಗಿಂತ ಬರುವಾಗ ಹಾರಾಟದ ಸಮಯ ಸಾಮಾನ್ಯವಾಗಿ ಸ್ವಲ್ಪ ಕಡಿಮೆ. ಇನ್ನು ನಮ್ಮ ಬಸವನಗುಡಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸುಮಾರು ನಲವತ್ತು ಕಿಲೋಮೀಟರ್. ಸಂಜೆಯ ವಾಹನ ದಟ್ಟಣೆಯಲ್ಲಿ ಅದಕ್ಕೇ ಎರಡು ಗಂಟೆ ಹಿಡಿಯುವುದುಂಟು, ಅಂದರೆ ಮಂಗಳೂರಿನಿಂದ ದುಬೈಗೆ ಹಾರುವ ಸಮಯದ ಅರ್ಧಕ್ಕಿಂತ ಹೆಚ್ಚು!

ದೂರ ಮತ್ತೆ ಹಿಗ್ಗಿದ ದಿನಗಳು

ಮೂರೂವರೆ ಗಂಟೆ ಎಂಬುದು ಖಾತ್ರಿಯ ಮಾತಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಪ್ರಾಣ ಕಳೆದುಕೊಂಡರು. ಬದುಕಿ ಉಳಿದವರು ಎಂಟೇ ಮಂದಿ. ಎಲ್ಲ ಧರ್ಮದವರೂ ಇದ್ದರು, ಅನೇಕರು ದುಡಿಮೆಯ ಊರಿನಿಂದ ಮನೆಗೆ ಬರುತ್ತಿದ್ದವರು. ಅವರಿಗೆ ಆ ಕೊನೆಯ ಕೆಲವು ನೂರು ಅಡಿ ಎಂದಿಗೂ ಮುಗಿಯದ ದೂರವಾಯಿತು.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಕೆಲಸ ಹೋದವರು, ಗರ್ಭಿಣಿಯರು, ರೋಗಿಗಳು ಕೊಲ್ಲಿಯಲ್ಲಿಯೇ ಸಿಕ್ಕಿಕೊಂಡರು. ಸರಕಾರದ ವಿಶೇಷ ಏರ್ಪಾಡಿನಲ್ಲಿ ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಬಂದದ್ದು ಮೇ 12ರಂದು. ಎಂದಿನಂತೆ ವೇಳಾಪಟ್ಟಿಯ ಅಂತರರಾಷ್ಟ್ರೀಯ ಸಂಚಾರ ಆರಂಭವಾದದ್ದು 2022ರ ಮಾರ್ಚ್ 27ರಂದು. ಒಮಾನಿನ ದಡದಲ್ಲಿ ಗಾಳಿಗಾಗಿ ಕಾದ ಅಬ್ದುರ್ರಝಾಕರ ಹಾಗೆ ನಮ್ಮ ಕಾಲದವರೂ ತಿಂಗಳುಗಟ್ಟಲೆ ಕಾದರು. ಅವರ ನಡುವೆ ವ್ಯತ್ಯಾಸವಿರುವುದು ಹೆಸರಿನಲ್ಲಿ ಮಾತ್ರ. ಅವರು ಮೌಸಿಮ್ ಎಂದರು, ನಾವು ಅನುಮತಿ ಎಂದೆವು.

ದಾರಿತೋರುಗನ ಹೆಸರು

ಓದುಗರೇ, ಒಂದು ಕೊನೆಯ ಶಬ್ದದ ಬಗ್ಗೆ ಹೇಳಿ ಮುಗಿಸುತ್ತೇನೆ. ಹಾಯಿಹಡಗಿನಲ್ಲಿ ನಕ್ಷತ್ರ ನೋಡಿ ದಾರಿ ಹೇಳುವವನನ್ನು ಅರಬ್ಬರು ಏನೆಂದು ಕರೆಯುತ್ತಿದ್ದರು ಗೊತ್ತೇ? 'ಮುಅಲ್ಲಿಮ್'. ಅಂದರೆ ಕಲಿಸುವವನು, ಶಿಕ್ಷಕ. ಗುಜರಾತಿನ ನಾವಿಕರ ಬಾಯಲ್ಲಿ ಅದೇ 'ಮಾಲಮ್' ಆಯಿತು. ಹಡಗಿನ ಒಡೆಯ ಶ್ರೀಮಂತನಾಗಿರಬಹುದು, ಸರಕು ಬೆಲೆಬಾಳುವುದಾಗಿರಬಹುದು. ನಡುಗಡಲಿನಲ್ಲಿ ಎಲ್ಲರೂ ನಂಬುತ್ತಿದ್ದದ್ದು ಮುಅಲ್ಲಿಮನನ್ನೇ. ದೂರವನ್ನು ಕಡಿಮೆ ಮಾಡುತ್ತಿದ್ದದ್ದು ಅವನ ವಿದ್ಯೆ.

ನಮ್ಮ ಮನೆಗಳಲ್ಲಿ ಇಂದೂ ಕೆಲವು ಹಿರಿಯರು, ಹುಡುಗ ಹತ್ತನೇ ತರಗತಿ ಮುಗಿಸಿದರೆ ಸಾಕು, ಕೊಲ್ಲಿಗೆ ಹೋಗಿ ದುಡಿಯಲಿ, ಹುಡುಗಿಗೆ ಅಷ್ಟು ಓದು ಏಕೆ ಎನ್ನುತ್ತಾರೆ. ದುಡಿಯಲು ದೂರ ಹೋಗುವುದು ಅವಮಾನವಲ್ಲ, ನಮ್ಮ ಕರಾವಳಿಯ ಜನ ಶತಮಾನಗಳಿಂದ ಹೋಗುತ್ತ ಬಂದಿದ್ದಾರೆ. ಆದರೆ ಅಂದು ಹೊರಟವರು ನಕ್ಷತ್ರದ ಲೆಕ್ಕ ಬಲ್ಲವರನ್ನು ಜೊತೆಗಿಟ್ಟುಕೊಂಡು ಹೊರಟರು, ಹಿಂದೆ ಉಳಿದ ಮಕ್ಕಳಿಗಾಗಿ ಮೂವತ್ತಾರು ಮದ್ರಸಾ ನಡೆಸುವ ಊರನ್ನು ಬಿಟ್ಟು ಹೊರಟರು. ಕೈಯಲ್ಲಿ ವಿದ್ಯೆಯಿಲ್ಲದೆ ಟಿಕೆಟ್ ಮಾತ್ರ ಹಿಡಿದು ಹೋಗುವವನಿಗೆ ಮೂರೂವರೆ ಗಂಟೆಯ ಪ್ರಯಾಣವೂ ಅರವತ್ತೈದು ದಿನಗಳ ಪ್ರಯಾಣವಾದೀತು.

ಆದ್ದರಿಂದ ವಿದ್ಯಾರ್ಥಿಗಳೇ, ಎರಡು ಊರುಗಳ ನಡುವಿನ ದೂರ ಎಷ್ಟು ಎಂದು ಮುಂದೆ ಯಾರಾದರೂ ಕೇಳಿದರೆ ಕಿಲೋಮೀಟರು ಹೇಳಿ, ಗಂಟೆಯನ್ನೂ ಹೇಳಿ. ಅದರ ಜೊತೆಗೆ ಆ ಲೆಕ್ಕ ಹೇಗೆ ಬಂತೆಂದು ವಿವರಿಸುವಷ್ಟು ಗಣಿತ, ಭೂಗೋಳ, ಇತಿಹಾಸವನ್ನು ಕಲಿಯಿರಿ. ಸದಸ್ಯ ಬಂಧುಗಳೇ, ಹೊನ್ನಾವರದ ಹದಿಮೂರು ಹೆಣ್ಣುಮಕ್ಕಳ ಮದ್ರಸಾಗಳ ಲೆಕ್ಕವನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿರಿ. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿಯಾದ ಜ್ಞಾನವನ್ನೂ, ನೇರವಾದ ದಾರಿಯನ್ನೂ ಕರುಣಿಸಲಿ. ಆಮೀನ್.